ಬೆಳಗ್ಗೆ ಆರರಿಂದ ಹತ್ತರ ತನಕ ಮಾತ್ರ

2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯ ಲಾಕ್‌ಡೌನ್ ಟೈಮಲ್ಲಿ, ನಾನು ಹತ್ತಿಪ್ಪತ್ತು ದಿನ ದಿನಸಿ ಅಂಗಡೀಲಿ ಪೊಟ್ಟಣ ಕಟ್ಟಿದೀನಿ. ಹಾಸನದಲ್ಲಿ ನಮ್ ಭಾವಂದು ಚಿಕ್ಕದೊಂದು ಅಂಗಡಿ, ಒಂದೇ ಷಟರ್, ಮುಂದುಗಡೆ ನಾಲ್ಕು ಅಕ್ಕಿ ಮೂಟೆ, ಒಂದು ತಕ್ಕಡಿ ಅಷ್ಟೇ. ಕೆಲಸದ ಹುಡುಗ ಅರಕಲಗೂಡು ಕಡೆ ಊರಿಗೆ ಹೋದವನು ಅಲ್ಲೇ ಸಿಕ್ಕಾಕ್ಕೊಂಡಿದ್ದ, ನಂಗೆ ಆಫೀಸ್ ಇರ್ಲಿಲ್ಲ, ಸರಿ ಬಾ ಅಂತ ಕರೆದ್ರು ಹೋದೆ. ಸರ್ಕಾರದ ಆರ್ಡರ್ ಪ್ರಕಾರ ಬೆಳಗ್ಗೆ ಆರರಿಂದ ಹತ್ತರ ತನಕ ಮಾತ್ರ ಅಂಗಡಿ. ಆರಕ್ಕೆ ಒಬ್ಬರೂ ಬರಲ್ಲ. ಏಳಕ್ಕೆ ಹಾಲು ಡೈರಿಗೆ ಹಾಕಿ ಬಂದೋರು ಒಬ್ರೋ ಇಬ್ರೋ. ಎಂಟೂವರೆ ಆಯ್ತು ಅಂದ್ರೆ ಶುರುವಾಗೋದು ನೋಡಿ, ಒಂಬತ್ತೂವರೆಗೆ ಜಾತ್ರೆ. ಭಾವ ಸುಣ್ಣದಲ್ಲಿ ರೌಂಡ್ ಹಾಕಿದ್ರು, ಆರು ರೌಂಡು, ಆರು ಜನಕ್ಕೆ. ಅದರೊಳಗೆ ಹನ್ನೆರಡು ಜನ, ಹೊರಗೆ ಇನ್ನು ಹದಿನೈದು ಜನ.

"ಅಣ್ಣ ನಂಗೊಂದು ಕೆಜಿ ಸಕ್ರೆ ಮೊದ್ಲು ಕೊಟ್ಬುಡಣ್ಣ, ಜೀಪ್ ಬತ್ತಾ ಅದೆ."

"ಬತ್ತಾ ಅದೆ ಅಂತ ನಂಗೂ ಗೊತ್ತು ಕಣವ್ವ, ಒಸಿ ದೂರ ನಿಂತ್ಕಳಿ."

ದೂರ ನಿಂತ್ಕೊಂಡ್ರೆ ಸಕ್ಕರೆ ಸಿಗಲ್ಲ ಅಂತ ಆಯಮ್ಮಂಗೆ ಚೆನ್ನಾಗಿ ಗೊತ್ತು. ಹತ್ತಕ್ಕೆ ಐದು ನಿಮಿಷ ಇರುವಾಗ ಜೀಪಿಂದ ವಿಸಿಲ್, ಷಟರ್ ಅರ್ಧ ಇಳೀತಿತ್ತು, ಆ ಅರ್ಧ ಷಟರ್ ಕೆಳಗೆ ಏಳೆಂಟು ಕೈ ಒಟ್ಟಿಗೆ ಒಳಗೆ ಬರ್ತಿದ್ವು, ದುಡ್ಡು ಹಿಡ್ಕೊಂಡು. ಆ ಕೈಗಳು ಈಗ್ಲೂ ಕಣ್ಮುಂದೆ ಇವೆ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಲಾಕ್‌ಡೌನ್ ಬೇಕಿತ್ತಾ ಬೇಡವಿತ್ತಾ ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ, ಮದುವೆ ಮನೇಲಿ ಊಟದ ಪಂಕ್ತೀಲಿ ಕೂತ್ರೂ ಯಾರೋ ಒಬ್ರು ಎತ್ತುತ್ತಾರೆ, ಇನ್ನೊಬ್ರು ಬಿಡಲ್ಲ. ನನ್ನ ಪ್ರಕಾರ ಆ ಜಗಳ ತುಂಬಾ ಮೇಲ್ಮೇಲೆ ನಡೀತಿದೆ. ನೋಡಬೇಕಾಗಿರೋದು ಆರ್ಡರ್ ಯಾರು ಬರೀತಾರೆ, ಬರೆಯೋ ಮೇಜಿನ ಮುಂದೆ ಊರು ಗೊತ್ತಿರೋನು ಒಬ್ನಾದ್ರೂ ಕೂತಿದ್ನಾ ಅಂತ.

ಮೊದ್ಲು ಅಂಗಡಿ ಲೆಕ್ಕಾನೇ ಮುಗಿಸ್ತೀನಿ. ಮಾಮೂಲಿ ದಿನ ಬೆಳಗ್ಗೆ ಏಳರಿಂದ ರಾತ್ರಿ ಒಂಬತ್ತು, ಹದಿನಾಲ್ಕು ಗಂಟೆ ಅಂಗಡಿ ತೆಗೆದಿರತ್ತೆ. ದಿನಕ್ಕೆ 200 ಗಿರಾಕಿ ಅಂತ ಇಟ್ಕೊಳ್ಳಿ, ಗಂಟೆಗೆ 14 ಜನ. ನಾಲ್ಕು ಗಂಟೆಗೆ ಇಳಿಸಿದ್ರೆ ಗಂಟೆಗೆ 50. ಜನ ಒಂದೇ ಸಲಕ್ಕೆ ಜಾಸ್ತಿ ಸಾಮಾನು ತಗೊಂಡು ದಿನಬಿಟ್ಟು ದಿನ ಬರ್ತಾರೆ, ಅರ್ಧಕ್ಕರ್ಧ ಕಡಿಮೆ ಆಗ್ತಾರೆ ಅಂತಾನೇ ಅಂದ್ಕೊಳ್ಳೋಣ, ಆಗ್ಲೂ ಗಂಟೆಗೆ 25, ಅಂದ್ರೆ ಮಾಮೂಲಿ ದಿನಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು, ಅದ್ರಲ್ಲೂ ಮುಕ್ಕಾಲು ಜನ ಕೊನೇ ಒಂದೂವರೆ ಗಂಟೇಲಿ. ಉಸಿರಿಂದ ಉಸಿರಿಗೆ ಹೋಗೋ ರೋಗಕ್ಕೆ ಎಷ್ಟು ಜನ, ಎಷ್ಟು ಹತ್ತಿರ, ಎಷ್ಟು ಹೊತ್ತು, ಗಾಳಿ ಆಡತ್ತಾ ಇಲ್ವಾ ಅನ್ನೋದೇ ಮುಖ್ಯ. ಅಂಗಡಿ ಬಾಗಿಲು ಎಷ್ಟು ಗಂಟೆ ತೆಗೆದಿದೆ ಅಂತ ವೈರಸ್ ಕೇಳಲ್ಲ.

ಹಾಗಂತ ಇಡೀ ಲಾಕ್‌ಡೌನೇ ದಂಡ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಅಲ್ಲಿಗೆ ಎಳೀಬೇಡಿ. ಕೋವಿಡ್‌ನಲ್ಲಿ ಇದ್ದ ದೊಡ್ಡ ತಲೆನೋವು ಏನಂದ್ರೆ ಮನುಷ್ಯಂಗೆ ಜ್ವರ ಬರೋಕೆ ಒಂದೆರಡು ದಿನ ಮುಂಚೆನೇ ಅವನಿಂದ ಬೇರೆಯವ್ರಿಗೆ ಹರಡ್ತಿತ್ತು. ಜ್ವರ ಬಂದವ್ರು ಮನೇಲಿರಿ ಅಂದ್ರೆ ಸಾಕಾಗ್ತಿರ್ಲಿಲ್ಲ. ಸ್ಕೂಲು, ಬಸ್ಸು, ಕಲ್ಯಾಣ ಮಂಟಪ, ಸಿನಿಮಾ, ಆಫೀಸು ಮುಚ್ಚಿದ್ರಿಂದ ಜನ ಜನಾನ ನೋಡೋದೇ ಕಮ್ಮಿ ಆಯ್ತು, ಅದು ಕೆಲಸ ಮಾಡ್ತು. ನಮ್ ಹಾಸನಾಂಬೆ ದರ್ಶನ ವರ್ಷಕ್ಕೊಂದೇ ಸಲ, ಅದನ್ನೂ 2020ರಲ್ಲಿ ಸಾರ್ವಜನಿಕರಿಗೆ ಬಿಡ್ಲಿಲ್ಲ, ಆ ಕ್ಯೂ ನೋಡಿದೋರು ಯಾರೂ ಅದು ತಪ್ಪು ಅನ್ನಲ್ಲ. ಆದ್ರೆ ಮುಚ್ಚಿದ್ರಿಂದ ಸಿಕ್ಕ ಲಾಭಾನ ಈ ನಾಲ್ಕು ಗಂಟೆ ಕಿಟಕಿ ಸ್ವಲ್ಪ ಸ್ವಲ್ಪವಾಗಿ ವಾಪಸ್ ಕಿತ್ಕೊಳ್ತಿತ್ತು. ಅಂಗಡಿ ಸಂಜೆ ತನಕ ಬಿಟ್ಟು, ಒಳಗೆ ನಾಲ್ಕೇ ಜನ ಅಂತ ಮಾಡಿದ್ರೆ ಸಾಕಿತ್ತು. ಹಾಗೆ ಮಾಡಿದ್ರೆ ಸಂಜೆ ತನಕ ಬೀದೀಲಿ ಪೊಲೀಸ್ ಬೇಕು, ಅಷ್ಟು ಪೊಲೀಸ್ ಇಲ್ಲ ಅಂತೀರಾ? ಅಂದ್ರೆ ಹತ್ತು ಗಂಟೆ ಅನ್ನೋದು ರೋಗದ ಲೆಕ್ಕದಿಂದ ಬಂದಿದ್ದಲ್ಲ, ಡ್ಯೂಟಿ ಲೆಕ್ಕದಿಂದ ಬಂದಿದ್ದು ಅಂತ ನಂಗೆ ಅನ್ಸೋದು. ಅದನ್ನ ನೇರವಾಗಿ ಹೇಳಿದ್ರೂ ಜನ ಒಪ್ಕೋತಿದ್ರು.

ಇನ್ನೊಂದು ಉದಾಹರಣೆ ಕೊಡ್ತೀನಿ. 2021ರ ಮೇ 10ರಿಂದ ಬಿಗಿ ಮಾಡಿದಾಗ ಸಾಮಾನು ತರೋಕೆ ಗಾಡಿ ತಗೊಂಡು ಹೋಗಂಗಿಲ್ಲ, ಹತ್ತಿರದ ಅಂಗಡಿಗೆ ನಡ್ಕೊಂಡು ಹೋಗಿ ಅಂದ್ರು. ಬೆಂಗಳೂರಲ್ಲಿ ಹತ್ತಿರದ ಅಂಗಡಿ ಅಂದ್ರೆ ಕೆಳಗಿನ ಮನೆ ಪಕ್ಕ. ನಮ್ ಮಾವನ ಮನೆ ಮೂಡಿಗೆರೆ ಕಡೆ, ಅಲ್ಲಿ ತೋಟದ ಮನೆಯಿಂದ ಹತ್ತಿರದ ಅಂಗಡಿ ನಾಲ್ಕು ಕಿಲೋಮೀಟರ್, ಅದೂ ಏರು. ನಡ್ಕೊಂಡ್ ಹೋಗಿ ನಡ್ಕೊಂಡ್ ಬರೋ ಹೊತ್ತಿಗೆ ಹತ್ತು ಗಂಟೆ ಮುಗೀತು, ತಲೆ ಮೇಲೆ ಇಪ್ಪತ್ತೈದು ಕೆಜಿ ಅಕ್ಕಿ. ಶುರುವಾದ ದಿನಾನೇ ಎಲ್ಲಾ ಕಡೆ ಗಲಾಟೆ ಆಗಿ ಆಮೇಲೆ ಸಡಿಲ ಮಾಡಿದ್ರು. ವಿಧಾನಸೌಧದಲ್ಲಿ ಕೂತು ಬರೆಯೋವಾಗ ಮಲೆನಾಡು ಯಾರಿಗೂ ನೆನಪಾಗಿಲ್ಲ ಅಷ್ಟೇ.

ಈಗ ಕಾನೂನಿಗೆ ಬರ್ತೀನಿ, ಸ್ವಲ್ಪ ಒಣ ವಿಷಯ ಆದ್ರೆ ಇದ್ರಲ್ಲೇ ಗುಟ್ಟಿದೆ. ಆಗೆಲ್ಲ ರಾತ್ರಿ ಒಂಬತ್ತು ಗಂಟೆಗೆ ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಬರ್ತಿತ್ತಲ್ಲ, ವಾರೆಯಾಗಿ ಸ್ಕ್ಯಾನ್ ಮಾಡಿರೋದು, ಅದ್ರ ಮೇಲುಗಡೆ ಸೆಕ್ಷನ್ ನಂಬರ್ ಇರ್ತಿದ್ವು, ಯಾರೂ ಓದ್ತಿರ್ಲಿಲ್ಲ. ಹಳೇದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಬಾಂಬೆಗೆ ಪ್ಲೇಗ್ ಬಂದಾಗ ಬ್ರಿಟಿಷರು ಗಡಿಬಿಡೀಲಿ ಮಾಡಿದ್ದು, ಇಡೀ ಕಾಯ್ದೆ ನಾಲ್ಕೇ ಸೆಕ್ಷನ್. ಸರ್ಕಾರ ಏನು ಬೇಕಾದ್ರೂ ಮಾಡಬಹುದು, ಕೇಳದೇ ಇದ್ರೆ ಶಿಕ್ಷೆ, ಒಳ್ಳೇ ಉದ್ದೇಶದಿಂದ ಮಾಡಿದ ಅಧಿಕಾರಿ ಮೇಲೆ ಕೇಸ್ ಹಾಕಂಗಿಲ್ಲ, ಹೆಚ್ಚುಕಮ್ಮಿ ಅಷ್ಟೇ ಅದ್ರ ಸಾರ. ಜನಕ್ಕೆ ಊಟ ಯಾರು ಕೊಡ್ಬೇಕು, ಕೆಲಸ ಹೋದವ್ರಿಗೆ ಏನು ಅನ್ನೋದು ಒಂದಕ್ಷರ ಇಲ್ಲ. ಆ ವರ್ಷ ಪುಣೇಲಿ ಪ್ಲೇಗ್ ಹೆಸರಲ್ಲಿ ಮನೆ ಮನೆ ನುಗ್ಗಿ ಹುಡುಕಿದ್ದಕ್ಕೆ ಜನ ಎಷ್ಟು ಕುದ್ದು ಹೋಗಿದ್ರು ಅಂದ್ರೆ ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡು ಹೊಡೆದ್ರು, 1897ರ ಜೂನ್‌ನಲ್ಲಿ.

ನಮ್ ಕಡೆ ಪ್ಲೇಗ್ ನೆನಪು ಬೇರೆ ತರ. ನಮ್ಮಜ್ಜಿ ಹೇಳ್ತಿದ್ರು, ಇಲಿ ಬಿದ್ವು ಅಂದ್ರೆ ಊರಿಗೆ ಊರೇ ಬಿಟ್ಟು ಹೊಲದಲ್ಲಿ ಗುಡ್ಲು ಹಾಕ್ಕೊಂಡು ಇರೋರಂತೆ, ಪ್ಲೇಗಮ್ಮ ಇಳಿದು ಹೋಗೋ ತನಕ. ಯಾರೂ ಆರ್ಡರ್ ಕೊಡೋಕೆ ಮುಂಚೆನೇ. 2020ರ ಏಪ್ರಿಲ್‌ನಲ್ಲಿ ನಮ್ಮೂರಲ್ಲಿ, ಬೇಲೂರು ತಾಲೂಕು, ರಸ್ತೆಗೆ ಮುಳ್ಳಿನ ಬೇಲಿ ಎಳೆದು ಹೊರಗಿನವ್ರಿಗೆ ಪ್ರವೇಶ ಇಲ್ಲ ಅಂತ ಬೋರ್ಡ್ ಬರೆದಾಗ ನಂಗೆ ಅದೇ ನೆನಪಾಗಿದ್ದು. ನಾನೇ ಆ ಬೇಲಿ ಆಚೆ ನಿಂತು ಅರ್ಧ ಗಂಟೆ ನಮ್ ದೊಡ್ಡಪ್ಪನ ಹತ್ರ ಮಾತಾಡಿ ವಾಪಸ್ ಬಂದಿದೀನಿ, ಒಳಗೆ ಬಿಡ್ಲಿಲ್ಲ. ಜನಕ್ಕೆ ನಿರ್ಬಂಧ ಅಂದ್ರೆ ಅಲರ್ಜಿ ಅನ್ನೋದು ಸುಳ್ಳು. ತಾವೇ ಹಾಕ್ಕೊಂಡ ಬೇಲಿ ಸರ್ಕಾರದ ಬೇಲಿಗಿಂತ ಗಟ್ಟಿಯಾಗಿತ್ತು, ಕೆಲವು ಕಡೆ ಅತಿರೇಕಾನೂ ಆಯ್ತು, ಆಂಬುಲೆನ್ಸ್‌ಗೂ ದಾರಿ ಇಲ್ಲದ ಹಾಗೆ.

ಪಿಡಿಎಫ್‌ನಲ್ಲಿದ್ದ ಎರಡನೇ ಕಾನೂನು 2005ರ ವಿಪತ್ತು ನಿರ್ವಹಣಾ ಕಾಯ್ದೆ. ಸುನಾಮಿ ಆದ್ಮೇಲೆ ಬಂದಿದ್ದು. ಸಾರ್ವಜನಿಕ ಆರೋಗ್ಯ ನಮ್ ಸಂವಿಧಾನದಲ್ಲಿ ರಾಜ್ಯದ ಪಟ್ಟೀಲಿದೆ, ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ರೋಗ ಹರಡದಂತೆ ತಡೆಯೋದು ಮಾತ್ರ ಇಬ್ಬರಿಗೂ ಸೇರಿದ್ದು. ಹಾಗಿದ್ರೂ 2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಹೇಳಿ, ಮಾರನೇ ದಿನದಿಂದ ದೇಶಪೂರ್ತಿ 21 ದಿನ ಬಂದ್ ಮಾಡೋಕೆ ಆಗಿದ್ದು ಈ ಕಾಯ್ದೆ ಇದ್ದಿದ್ರಿಂದ. ಕೊನೆಗೆ ಕೇಂದ್ರ ಇದರಡಿ ಆರ್ಡರ್ ಕೊಡೋದು ನಿಲ್ಲಿಸಿದ್ದು 2022ರ ಮಾರ್ಚ್ 31ಕ್ಕೆ, ಎರಡು ವರ್ಷದ ಮೇಲೆ. ಇದ್ರ 51ನೇ ಸೆಕ್ಷನ್‌ನಲ್ಲಿ ಆರ್ಡರ್ ಮುರಿದ್ರೆ ಒಂದು ವರ್ಷದ ತನಕ ಜೈಲು, ಪ್ರಾಣಹಾನಿ ಆದ್ರೆ ಎರಡು ವರ್ಷ. ಮೂರನೇದು ನಮ್ ರಾಜ್ಯದ್ದೇ, 2020ರ ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆ ಆಗಿ ಬಂದು ಆಮೇಲೆ ಕಾಯ್ದೆ ಆದ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ. ಇದಿನ್ನೂ ಜೀವಂತವಾಗಿದೆ, ಇದ್ರ ಕಥೆ ಆಮೇಲೆ ಬರತ್ತೆ. ಇದ್ರ ಜೊತೆಗೆ ಎಲ್ರಿಗೂ ಗೊತ್ತಿರೋ 144, ಈಗ 2024ರ ಜುಲೈಯಿಂದ ಹೊಸ ಸಂಹಿತೆಯಲ್ಲಿ ಅದು 163 ಆಗಿದೆ, ಜನ ಮಾತ್ರ ಇನ್ನೂ 144 ಅಂತಾನೇ ಅಂತಾರೆ, ಅಂತಾನೇ ಇರ್ತಾರೆ.

ವಿಪತ್ತು ಕಾಯ್ದೇಲಿ ನಂಗೆ ತುಂಬಾ ಇಷ್ಟ ಆದ ಒಂದು ಸಾಲಿದೆ. ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರ ಇರ್ಬೇಕು, ಡಿಸಿ ಅಧ್ಯಕ್ಷರು, ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಸಹ ಅಧ್ಯಕ್ಷರು. ಅಂದ್ರೆ ಕಾನೂನು ಬರೆದವ್ರಿಗೆ ಬುದ್ಧಿ ಇತ್ತು, ಅಧಿಕಾರಿ ಪಕ್ಕದಲ್ಲಿ ಜನ ಆರಿಸಿದೋರು ಒಬ್ರು ಕೂರ್ಲಿ ಅಂತ ಕುರ್ಚಿ ಹಾಕಿದ್ರು. ಈಗ ಕೇಳಿ, ಕರ್ನಾಟಕದಲ್ಲಿ ಜಿಲ್ಲಾ ಪಂಚಾಯಿತಿ ಎಲೆಕ್ಷನ್ ನಡೆದಿದ್ದು 2016ರಲ್ಲಿ, ಅವ್ರ ಅವಧಿ ಮುಗಿದಿದ್ದು 2021ರಲ್ಲಿ, ಎರಡನೇ ಅಲೆಯ ಟೈಮಲ್ಲೇ. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಎಲೆಕ್ಷನ್ನೇ ಇಲ್ಲ. ಆ ಕುರ್ಚಿ ಖಾಲಿ. ಡಿಸಿ ಅಂದ್ರೆ ಎರಡು ಮೂರು ವರ್ಷಕ್ಕೆ ವರ್ಗ ಆಗಿ ಹೋಗೋರು, ಅವ್ರು ಎಷ್ಟೇ ಒಳ್ಳೆಯವ್ರಾದ್ರೂ ಅರಸೀಕೆರೆ ಸಂತೆ ಯಾವ ವಾರ, ಆಲೂಗಡ್ಡೆ ಬಿತ್ತನೆ ಯಾವಾಗ ಅಂತ ಹೊಟ್ಟೇಲಿ ಗೊತ್ತಿರಲ್ಲ, ಯಾರಾದ್ರೂ ಹೇಳ್ಬೇಕು.

ಆಲೂಗಡ್ಡೆ ಅಂದೆ. ಹಾಸನದ ಕಡೆ ಆಲೂಗಡ್ಡೆ ಬಿತ್ತನೆ ಮೇ, ಜೂನ್‌ನಲ್ಲಿ, ಮುಂಗಾರು ಮಳೆ ಬಿದ್ದ ತಕ್ಷಣ. ಬಿತ್ತನೆ ಗೆಡ್ಡೆ ಬರೋದು ಪಂಜಾಬಿನ ಜಲಂಧರ್ ಕಡೆಯಿಂದ ಲಾರೀಲಿ, ಹಾಸನ ಎಪಿಎಂಸಿಗೆ. ಎರಡೂ ವರ್ಷ ನಿರ್ಬಂಧ ಸರಿಯಾಗಿ ಅದೇ ಹೊತ್ತಿಗೆ. ಕೃಷಿಗೆ ವಿನಾಯಿತಿ ಇತ್ತು, 2020ರ ಮಾರ್ಚ್ 27ಕ್ಕೇ ಕೇಂದ್ರ ಹೇಳಿತ್ತು, ಏಪ್ರಿಲ್‌ನಲ್ಲಿ ಕಾಫಿ ತೋಟಕ್ಕೂ ಅರ್ಧ ಜನ ಇಟ್ಕೊಂಡು ಕೆಲಸ ಮಾಡಿ ಅಂತ ಬಂತು. ಪೇಪರಲ್ಲಿ ಎಲ್ಲಾ ಇತ್ತು. ಆದ್ರೆ ಗೆಡ್ಡೆ ತರೋಕೆ ಹೋಗೋ ರೈತ ಪಾಸ್ ಎಲ್ಲಿ ತಗೋಬೇಕು, ಬೈಕಲ್ಲಿ ಬಂದ್ರೆ ರೈತ ಅಂತ ಪೊಲೀಸ್‌ಗೆ ಹೇಗೆ ತೋರಿಸ್ಬೇಕು, ಪಹಣಿ ಅಪ್ಪನ ಹೆಸರಲ್ಲಿದ್ರೆ ಏನು? ನಮ್ ದೊಡ್ಡಪ್ಪನ ಮಗ ಪಹಣಿ ಲ್ಯಾಮಿನೇಷನ್ ಮಾಡಿಸಿ ಬೈಕ್ ಮುಂದೆ ಕಟ್ಕೊಂಡು ಓಡಾಡ್ತಿದ್ದ, ಒಂದು ಚೆಕ್‌ಪೋಸ್ಟ್‌ನಲ್ಲಿ ಬಿಟ್ರೆ ಇನ್ನೊಂದರಲ್ಲಿ ಬಿಡ್ತಿರ್ಲಿಲ್ಲ.

ಇದೇ ರೈತನಿಗೆ ರೋಗ ಹರಡೋದು ಅರ್ಥ ಆಗಲ್ಲ ಅಂತ ಮಾತ್ರ ಹೇಳ್ಬೇಡಿ. ಆಲೂಗಡ್ಡೆಗೆ ಅಂಗಮಾರಿ ಬಂದಾಗ ಪಕ್ಕದ ಹೊಲದವನು ಔಷಧಿ ಹೊಡೀದೇ ಇದ್ರೆ ನಂದೂ ಹೋಗತ್ತೆ, ಮೋಡ ಮುಸುಕಿ ಜಿಟಿಜಿಟಿ ಮಳೆ ಇದ್ರೆ ಎರಡೇ ದಿನದಲ್ಲಿ ಬಳ್ಳಿ ಕಪ್ಪಾಗತ್ತೆ ಅನ್ನೋದು ಅವನು ಯಾರ ಹತ್ರಾನೂ ಕಲೀಬೇಕಿಲ್ಲ. ಆ ಭಾಷೇಲಿ ಯಾರೂ ಅವನ ಹತ್ರ ಕೋವಿಡ್ ಬಗ್ಗೆ ಮಾತಾಡ್ಲಿಲ್ಲ, ಮಾತಾಡಿದ್ದು ಮೈಕ್ ಕಟ್ಟಿದ ಆಟೋ, ಅದೂ ಪುಸ್ತಕದ ಕನ್ನಡದಲ್ಲಿ.

ಕೇಸ್ ನೋಡಿ ಜಿಲ್ಲೆಗಳಿಗೆ ಕೆಂಪು, ಕಿತ್ತಳೆ, ಹಸಿರು ಅಂತ ಬಣ್ಣ ಹಚ್ಚಿದ್ರಲ್ಲ, ಆ ವಿಷಯ ಬೇಗ ಹೇಳಿಬಿಡ್ತೀನಿ. 2020ರ ಮೇ 1ಕ್ಕೆ ಕೇಂದ್ರ ಹಾಕಿದ ಪಟ್ಟೀಲಿ ಹಾಸನ, ಚಿಕ್ಕಮಗಳೂರು ಎರಡೂ ಹಸಿರು ವಲಯ. ನಾವೆಲ್ಲ ಎದೆ ಉಬ್ಬಿಸ್ಕೊಂಡು ಓಡಾಡ್ತಿದ್ವಿ. ಮೇ ಮಧ್ಯದ ಹೊತ್ತಿಗೆ ಮುಂಬೈಯಿಂದ ವಾಪಸ್ ಬಂದವ್ರಲ್ಲಿ ಕೇಸ್ ಸಿಕ್ತು, ಚನ್ನರಾಯಪಟ್ಟಣ ಕಡೆಯೋರು ಮುಂಬೈಲಿ ತುಂಬಾ ಜನ ಇದ್ದಾರೆ ಅಂತ ಎಲ್ರಿಗೂ ಗೊತ್ತಿದ್ದಿದ್ದೇ. ಬಂದವ್ರನ್ನ ಹಾಸ್ಟೆಲ್ಲು, ವಸತಿ ಶಾಲೆಗಳಲ್ಲಿ ಕ್ವಾರಂಟೈನ್ ಮಾಡಿದ್ರು. ಊಟ ಸರಿ ಇಲ್ಲ, ಟಾಯ್ಲೆಟ್ ಸರಿ ಇಲ್ಲ ಅಂತ ಗಲಾಟೆ ಆಯ್ತು, ನಿಜ, ಆದ್ರೆ ನಂಗೆ ಕೇಳಿದ್ರೆ ಎರಡು ವರ್ಷದಲ್ಲಿ ಹಾಕಿದ ಎಲ್ಲಾ ನಿರ್ಬಂಧಗಳಲ್ಲಿ ರೋಗದ ದೃಷ್ಟಿಯಿಂದ ಅತಿ ಹೆಚ್ಚು ಅರ್ಥ ಇದ್ದಿದ್ದು ಅದೇ. ಯಾರಿಂದ ಅಪಾಯ ಅಂತ ಗೊತ್ತಿತ್ತು, ಎಷ್ಟು ದಿನ ಅಂತ ಗೊತ್ತಿತ್ತು, ಅಷ್ಟು ದಿನ ಜಾಗ, ಅನ್ನ ಸರ್ಕಾರದ್ದೇ ಅಂತಾನೂ ಗೊತ್ತಿತ್ತು.

ಎರಡನೇ ಅಲೇಲಿ ಬಣ್ಣ ಹೋಗಿ ಪರ್ಸೆಂಟ್ ಬಂತು. 2021ರ ಜೂನ್ 14ಕ್ಕೆ ರಾಜ್ಯದಲ್ಲಿ ಬಹುಪಾಲು ಜಿಲ್ಲೆಗೆ ಸಡಿಲ ಮಾಡಿದ್ರು, 11 ಜಿಲ್ಲೆಗೆ ಮಾಡ್ಲಿಲ್ಲ, ಆ 11ರಲ್ಲಿ ಹಾಸನಾನೂ ಇತ್ತು ಚಿಕ್ಕಮಗಳೂರೂ ಇತ್ತು. ಕಾರಣ ಪಾಸಿಟಿವಿಟಿ ರೇಟು. ಇದನ್ನ ಸ್ವಲ್ಪ ಬಿಡಿಸಿ ನೋಡೋಣ. ನೂರು ಜನಕ್ಕೆ ಟೆಸ್ಟ್ ಮಾಡಿದ್ರೆ ಎಷ್ಟು ಜನಕ್ಕೆ ಪಾಸಿಟಿವ್ ಬರತ್ತೆ ಅನ್ನೋದು ಪಾಸಿಟಿವಿಟಿ. ಎರಡು ವಾರ ಸತತವಾಗಿ 5%ಗಿಂತ ಕೆಳಗಿರ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿತ್ತು, ಅದೇ 5 ಎಲ್ಲರ ಬಾಯಲ್ಲೂ ಕೂತ್ಕೊಳ್ತು. ಈಗ 1000 ಟೆಸ್ಟ್ ಮಾಡಿ 100 ಪಾಸಿಟಿವ್ ಬಂತು ಅಂದ್ರೆ 10%. ಅದೇ ದಿನ ಇನ್ನೊಂದು 1000 ಟೆಸ್ಟ್ ಬಸ್‌ಸ್ಟ್ಯಾಂಡ್‌ನಲ್ಲಿ, ಎಪಿಎಂಸೀಲಿ ಆರಾಮಾಗಿರೋರಿಗೇ ಮಾಡಿ, ಅದ್ರಲ್ಲಿ 10 ಪಾಸಿಟಿವ್ ಬಂದ್ರೆ ಒಟ್ಟು 2000ಕ್ಕೆ 110, ರೇಟು 5.5%ಗೆ ಇಳೀತು. ಊರಲ್ಲಿ ರೋಗ ಒಂದು ಕಾಳೂ ಕಮ್ಮಿ ಆಗಿಲ್ಲ. ಟೆಸ್ಟ್ ಯಾರಿಗೆ ಮಾಡಿದ್ರಿ ಅಂತ ಗೊತ್ತಿಲ್ದೆ ಆ ಪರ್ಸೆಂಟ್ ಹಿಡ್ಕೊಂಡು ಜಿಲ್ಲೆ ಬಾಗಿಲು ತೆಗೆಯೋದು ಹಾಕೋದು ಮಾಡಿದ್ರೆ, ಥರ್ಮಾಮೀಟರನ್ನ ತಣ್ಣೀರಲ್ಲಿ ಅದ್ದಿ ಜ್ವರ ಬಿಡ್ತು ಅಂದಂಗೆ.

ಇನ್ನೊಂದು, ಇಡೀ ಜಿಲ್ಲೆಗೆ ಒಂದೇ ನಂಬರು. ಅರಸೀಕೆರೆ ತೆಂಗಿನ ಸೀಮೆ, ಬಯಲು, ರೈಲು ಜಂಕ್ಷನ್ನು. ಸಕಲೇಶಪುರ ಘಾಟಿನ ತಲೆ, ತೋಟ, ಮನೆಗೂ ಮನೆಗೂ ಅರ್ಧ ಮೈಲಿ. ಚಿಕ್ಕಮಗಳೂರು ಜಿಲ್ಲೇಲೂ ಅಷ್ಟೇ, ಕಡೂರಿಗೂ ಶೃಂಗೇರಿಗೂ ಏನು ಸಂಬಂಧ ಹೇಳಿ, ಮಳೆ ಬೇರೆ, ಊಟ ಬೇರೆ, ಮಾತೂ ಬೇರೆ. ಒಂದು ಕಡೆ ಕೇಸ್ ಜಾಸ್ತಿ ಆದ್ರೆ ಇನ್ನೊಂದು ಕಡೆ ಟೈಲರ್ ಅಂಗಡಿ ಮುಚ್ಚಬೇಕು.

ಆದ್ರೆ ತೋಟದ ಕಡೆ ಮನೆ ದೂರ ದೂರ ಅಂತ ಅಂದ್ಕೊಂಡು ಸುಮ್ನಿರಂಗೂ ಇಲ್ಲ. ತೋಟದ ಕೂಲಿಯವ್ರು ಇರೋ ಲೈನ್ ಮನೆ ನೋಡಿದೀರಲ್ಲ, ಒಂದೇ ಉದ್ದ ಕಟ್ಟಡ, ಗೋಡೆಗೆ ಗೋಡೆ ಹತ್ಕೊಂಡು ಎಂಟು ಹತ್ತು ಮನೆ, ಒಂದೊಂದರಲ್ಲಿ ಐದಾರು ಜನ, ಒಂದೋ ಎರಡೋ ಟಾಯ್ಲೆಟ್ಟು. ಅಸ್ಸಾಂನಿಂದ ಬಂದ ಹುಡುಗ್ರು ಒಂದು ರೂಮಲ್ಲಿ ಎಂಟು ಜನ. ಅಂಥ ಕಡೆ ಹೋಮ್ ಐಸೋಲೇಷನ್ ಅನ್ನೋದು ತಮಾಷೆ. ಅದಕ್ಕೇ 2021ರ ಮೇ ತಿಂಗಳಲ್ಲಿ ಹಳ್ಳಿಗಳಲ್ಲಿ ಹೋಮ್ ಐಸೋಲೇಷನ್ ಬೇಡ, ಪಾಸಿಟಿವ್ ಬಂದವ್ರೆಲ್ಲ ಕೋವಿಡ್ ಕೇರ್ ಸೆಂಟರಿಗೇ ಬರ್ಬೇಕು ಅಂತ ಸರ್ಕಾರ ಹೇಳಿದ್ದು, ನಂಗೆ ಅದು ತತ್ವದಲ್ಲಿ ಸರಿ ಅಂತಾನೇ ಕಂಡಿತ್ತು. ಆಗಿದ್ದೇನು ಅಂದ್ರೆ ಜನ ಟೆಸ್ಟೇ ಮಾಡಿಸ್ಕೊಳ್ಳೋದು ಬಿಟ್ರು. ಮಾವನ ಮನೆ ಪಕ್ಕದ ತೋಟದ ರೈಟರ್ ಒಬ್ರು ಹೇಳಿದ್ರು, ಸಾರ್ ಜ್ವರ ಅಂದ್ರೆ ಹದಿನಾಲ್ಕು ದಿನ ಸಂಬಳ ಹೋಯ್ತು, ಮನೇಲಿ ದನ ಇದ್ರೆ ಹುಲ್ಲು ಹಾಕೋರಿಲ್ಲ, ಯಾವನು ಮೂಗಿಗೆ ಕಡ್ಡಿ ಹಾಕಿಸ್ಕೊಳ್ತಾನೆ? ಮೆಡಿಕಲ್ ಶಾಪಿಂದ ಡೋಲೋ ತಂದು ನುಂಗಿ ಕೆಲಸಕ್ಕೆ ಬರೋರು. ಹದಿನಾಲ್ಕು ದಿನದ ಕೂಲಿ ಕೈಗೆ ಕೊಡ್ತೀವಿ ಅಂದಿದ್ರೆ ಪೊಲೀಸೂ ಬೇಡ, ಆಂಬುಲೆನ್ಸ್ ಸೈರನ್ನೂ ಬೇಡ, ತಾವಾಗೇ ಬರ್ತಿದ್ರು. ಆಗ ಮನೆ ಮನೆ ಸುತ್ತಿ ಇದನ್ನೆಲ್ಲ ನಿಭಾಯಿಸಿದ್ದು ಆಶಾ ಕಾರ್ಯಕರ್ತೆಯರು, ಅವ್ರೇ 2020ರ ಜುಲೈನಲ್ಲಿ ತಿಂಗಳಿಗೆ 12,000 ಗೌರವಧನ ಕೊಡಿ ಅಂತ ಕೆಲಸ ನಿಲ್ಲಿಸಿ ಕೂತಿದ್ರು, ಅದನ್ನೂ ಮರೀಬಾರದು.

ಮಾಸ್ಕ್ ದಂಡದ ಕಥೆ ನಿಮಗೆಲ್ಲ ಗೊತ್ತು. 2020ರ ಅಕ್ಟೋಬರ್‌ನಲ್ಲಿ ಸಿಟೀಲಿ 1000, ಬೇರೆ ಕಡೆ 500 ಅಂದ್ರು, ಜನ ಬಾಯಿ ಬಡ್ಕೊಂಡ ಮೇಲೆ ವಾರದೊಳಗೇ 250, 100ಕ್ಕೆ ಇಳಿಸಿದ್ರು. ದಂಡ ಹಾಕಿದ್ರಿಂದ ಜನ ಕಲಿತಿದ್ದು ಏನು ಅಂದ್ರೆ ಗಲ್ಲದ ಮೇಲೆ ಮಾಸ್ಕ್ ಇಟ್ಕೊಂಡು ಪೊಲೀಸ್ ಕಂಡಾಗ ಮೇಲಕ್ಕೆ ಎಳ್ಕೊಳ್ಳೋದು. ಹೆಲ್ಮೆಟ್ ತರಾನೇ. ಬಸ್ಸಿನೊಳಗೆ ತೆಗೆದು, ಖಾಲಿ ರಸ್ತೇಲಿ ಬೈಕ್ ಮೇಲೆ ಒಬ್ನೇ ಹೋಗುವಾಗ ಹಾಕ್ಕೊಳ್ಳೋನು. ರೋಗ ಇರೋದು ಬಸ್ಸೊಳಗೆ, ಪೊಲೀಸ್ ಇರೋದು ರಸ್ತೇಲಿ. (2020ರ ಮೇ 4ಕ್ಕೆ ಎಣ್ಣೆ ಅಂಗಡಿ ತೆಗೆದಾಗ ಮಾತ್ರ ನಮ್ ಜನ ಬೆಳಗ್ಗೆ ಐದಕ್ಕೇ ಬಂದು ರೌಂಡ್ ಒಳಗೆ ಚಪ್ಪಲಿ ಇಟ್ಟು ಎಷ್ಟು ಶಿಸ್ತಾಗಿ ನಿಂತಿದ್ರು ಅಂದ್ರೆ, ಮನಸ್ಸು ಮಾಡಿದ್ರೆ ಆಗತ್ತೆ ಅಂತ ಆಯ್ತು.)

ಕೋರ್ಟುಗಳು ಏನೂ ಹೇಳ್ಲಿಲ್ಲ ಅಂತಲ್ಲ. ಕೋವಿಡ್ ಬರೋಕೆ ಸ್ವಲ್ಪ ಮುಂಚೆ, 2020ರ ಜನವರೀಲಿ, ಕಾಶ್ಮೀರದ ಕೇಸಲ್ಲಿ ಸುಪ್ರೀಂ ಕೋರ್ಟ್ 144 ಹಾಕೋದಾದ್ರೆ ಕಾರಣ ಬರೆದು ಪ್ರಕಟ ಮಾಡ್ಬೇಕು, ಅಪಾಯ ಎಷ್ಟೋ ನಿರ್ಬಂಧ ಅಷ್ಟೇ ಇರ್ಬೇಕು, ಮತ್ತೆ ಮತ್ತೆ ಹಾಕ್ತಾ ಹೋಗಂಗಿಲ್ಲ ಅಂದಿತ್ತು. 2022ರ ಮೇ ತಿಂಗಳಲ್ಲಿ ಯಾರಿಗೂ ಬಲವಂತವಾಗಿ ಲಸಿಕೆ ಹಾಕಂಗಿಲ್ಲ, ಕೇಸ್ ಕಮ್ಮಿ ಇರೋವಾಗ ಲಸಿಕೆ ಹಾಕಿಸ್ಕೊಳ್ಳದೇ ಇರೋರನ್ನ ಮಾತ್ರ ತಡೆಯೋದು ಸರಿಯಲ್ಲ ಅಂತು. ಅಷ್ಟೊತ್ತಿಗೆ ಎಲ್ಲಾ ಮುಗಿದಿತ್ತು, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂಗೆ. ರೇಷನ್ ಕೊಡಲ್ಲ, ಸಂಬಳ ತಡೀತೀವಿ ಅಂತ ಹೆದರಿಸಿ ಲಸಿಕೆ ಹಾಕಿಸಿದ್ದು ನಮ್ ಕಡೆ ಎಷ್ಟೋ ಜನಕ್ಕೆ ಇನ್ನೂ ಚುಚ್ತಾ ಇದೆ. ಆ ಅಪನಂಬಿಕೆಯ ಫಲ 2025ರ ಜೂನ್, ಜುಲೈನಲ್ಲಿ ನೋಡಿದ್ವಿ. ಹಾಸನದಲ್ಲಿ ಹೃದಯಾಘಾತ ಅಂತ ಒಂದರ ಹಿಂದೊಂದು ಸುದ್ದಿ, ಇಪ್ಪತ್ತಕ್ಕೂ ಹೆಚ್ಚು ಸಾವು, ಟಿವಿ ಚಾನೆಲ್ಲುಗಳು ಹಾಸನದ ಹೆಸರು ಕೆಡಿಸಿ ಬಿಟ್ವು, ಜನ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಕ್ಯೂ ನಿಂತ್ರು, ಎಲ್ರ ಬಾಯಲ್ಲೂ ಒಂದೇ ಮಾತು, ಆ ಸೂಜಿಯಿಂದಾನೇ. ಜಯದೇವದ ನಿರ್ದೇಶಕರ ನೇತೃತ್ವದ ಸಮಿತಿ ಪರೀಕ್ಷೆ ಮಾಡಿ ಲಸಿಕೆಗೂ ಇದಕ್ಕೂ ಸಂಬಂಧ ಇಲ್ಲ, ಬಿಪಿ, ಶುಗರ್, ಸಿಗರೇಟು, ಬೊಜ್ಜು ಇವೇ ಕಾರಣ ಅಂತ ವರದಿ ಕೊಡ್ತು. ನಮ್ ಭಾವನ ಅಂಗಡಿ ಮುಂದೆ ಅದನ್ನ ಹೇಳಿ ನೋಡಿ, ಯಾರು ನಂಬ್ತಾರೆ ಅಂತ. ಕಾರಣ ಹೇಳದೇ ಮಾಡಿಸಿದ ಕೆಲಸಕ್ಕೆ ಆಮೇಲೆ ಎಷ್ಟು ಕಾರಣ ಕೊಟ್ರೂ ಹಿಡಿಯಲ್ಲ.

ಇದೆಲ್ಲ ಹಳೇ ಕಥೆ ಅಂದ್ಕೋಬೇಡಿ. ಆ 2020ರ ರಾಜ್ಯದ ಕಾಯ್ದೆ ಇದೆ ಅಂದ್ನಲ್ಲ, 2024ರ ಸೆಪ್ಟೆಂಬರ್ ಶುರುವಲ್ಲಿ ಅದ್ರ ಅಡೀಲಿ ಡೆಂಗ್ಯೂವನ್ನ ಸಾಂಕ್ರಾಮಿಕ ರೋಗ ಅಂತ ಘೋಷಣೆ ಮಾಡಿದ್ರು. ಆ ವರ್ಷ ಹಾಸನ, ಚಿಕ್ಕಮಗಳೂರು ಎರಡೂ ಕೇಸ್ ಜಾಸ್ತಿ ಇದ್ದ ಜಿಲ್ಲೆಗಳ ಪಟ್ಟೀಲಿದ್ವು. ಮನೇಲಿ ಸೊಳ್ಳೆ ಬೆಳೆಯೋಕೆ ಬಿಟ್ರೆ ಸಿಟೀಲಿ 400, ಹಳ್ಳೀಲಿ 200 ದಂಡ. ಅಂಗಡಿ, ಆಫೀಸು, ಹೋಟೆಲ್ಲು ಆದ್ರೆ 1000, 500. ಖಾಲಿ ಸೈಟು, ಕಟ್ತಾ ಇರೋ ಬಿಲ್ಡಿಂಗ್ ಆದ್ರೆ 2000, 1000. ಖಾಲಿ ಸೈಟಿಗೆ ಜಾಸ್ತಿ ಹಾಕಿದ್ದು ನಂಗೆ ಖುಷಿ, ಆದ್ರೆ ಸೈಟ್ ಓನರ್ ಬೆಂಗಳೂರಲ್ಲಿರ್ತಾನೆ, ಮನೇಲಿ ಸಿಗೋದು ನಾನು.

ನಮ್ ಮನೆಗೆ ಬಂದಿದ್ದ ಆಶಾ ಅಕ್ಕ ಟಾರ್ಚ್ ಬಿಟ್ಟು ಡ್ರಮ್ ಒಳಗೆ ತೋರಿಸಿದ್ರು. ಇನ್ನೂರು ಲೀಟರಿನ ನೀಲಿ ಡ್ರಮ್ಮು. ಬೆಳಕು ಬಿದ್ದ ತಕ್ಷಣ ಸಣ್ಣ ದಾರದ ತುಂಡಿನ ತರದವು ಕೊಂಕಾಡ್ಕೊಂಡು ತಳಕ್ಕೆ ಇಳಿದ್ವು, ಒಂದು ನಿಮಿಷ ಬಿಟ್ರೆ ಮತ್ತೆ ಮೇಲೆ ಬಂದು ತಲೆಕೆಳಗಾಗಿ ನೇತಾಡ್ತವೆ, ಉಸಿರಾಡೋಕೆ. "ನೋಡಿದ್ರಾ ಅಣ್ಣ, ಇನ್ ನಾಲ್ಕು ದಿನ ಬಿಟ್ಟಿದ್ರೆ ಹಾರ್ತಿದ್ವು." ಮೊಟ್ಟೆಯಿಂದ ಸೊಳ್ಳೆ ಆಗೋಕೆ ಏಳರಿಂದ ಹತ್ತು ದಿನ, ಅದಕ್ಕೇ ವಾರಕ್ಕೊಂದು ಸಲ ಖಾಲಿ ಮಾಡಿ ಅನ್ನೋದು. ಬರೀ ಖಾಲಿ ಮಾಡಿದ್ರೆ ಸಾಲದು, ಈ ಸೊಳ್ಳೆ ಮೊಟ್ಟೆ ಇಡೋದು ನೀರಿನ ಅಂಚಿಗೆ, ಡ್ರಮ್ಮಿನ ಗೋಡೆಗೆ ಅಂಟಿಸಿ, ಒಣಗಿದ್ರೂ ತಿಂಗಳುಗಟ್ಟಲೆ ಬದುಕಿರತ್ತೆ, ಮತ್ತೆ ನೀರು ಬಿದ್ರೆ ಒಡೆಯತ್ತೆ. ತೆಂಗಿನ ನಾರು ಹಾಕಿ ಉಜ್ಜಬೇಕು. ಕಚ್ಚೋದು ಹಗಲು ಹೊತ್ತು, ಹಾರೋದು ಕೆಲವು ನೂರು ಮೀಟರ್ ಅಷ್ಟೇ, ಅಂದ್ರೆ ನಮ್ ಬೀದೀಲಿ ಡೆಂಗ್ಯೂ ಇದ್ರೆ ಸೊಳ್ಳೆ ನಮ್ ಬೀದೀದೇ.

ಅಷ್ಟು ಚೆನ್ನಾಗಿ ಆ ಅಕ್ಕ ಹೇಳಿದ್ರು, ಎರಡೇ ನಿಮಿಷ. 400 ರೂಪಾಯಿ ದಂಡಕ್ಕಿಂತ ಆ ಟಾರ್ಚ್ ಬೆಳಕು ನಂಗೆ ಜಾಸ್ತಿ ಕೆಲಸ ಮಾಡ್ತು. ಆದ್ರೆ ನಾನು ಕೇಳಿದೆ, ಅಕ್ಕ ನಾನ್ಯಾಕೆ ಡ್ರಮ್ ಇಟ್ಕೊಂಡಿದೀನಿ? ನಮ್ ಬೀದಿಗೆ ನೀರು ಬರೋದು ಮೂರು ದಿನಕ್ಕೊಂದ್ಸಲ, ಒಂದೊಂದ್ಸಲ ಐದು ದಿನ. ದಿನಾ ನೀರು ಬಂದ್ರೆ ಯಾರು ಹಿಡಿದಿಡ್ತಾರೆ? ಅವ್ರು ನಕ್ಕು, "ಅದು ನಮ್ ಇಲಾಖೆ ಅಲ್ಲ ಕಣಣ್ಣ" ಅಂದ್ರು. ನಿಜ, ಅವ್ರದಲ್ಲ. ದಂಡ ಹಾಕೋ ಇಲಾಖೆ ಒಂದು, ನೀರು ಬಿಡೋರು ಇನ್ನೊಬ್ರು, ಇಬ್ರನ್ನೂ ಒಂದೇ ಮೇಜಿಗೆ ಕೂರಿಸ್ಬೇಕಾದ ಕುರ್ಚಿ ಯಾವುದು ಅಂತ ಆಗ್ಲೇ ಹೇಳಿದೀನಿ, ಜಿಲ್ಲಾ ಪಂಚಾಯಿತಿ ಅಧ್ಯಕ್ಷರದ್ದು.

ಮಲೆನಾಡಿನೋರಿಗೆ ಇದು ಹೊಸದಲ್ಲ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆ ಮಂಗನ ಕಾಯಿಲೆ ಸೀಸನ್ ಬಂತು ಅಂದ್ರೆ ಕಾಡಿಗೆ ಹೋಗ್ಬೇಡಿ, ಹೋದ್ರೆ ಉಣ್ಣೆ ಹುಳ ಕಚ್ಚದ ಹಾಗೆ ಎಣ್ಣೆ ಹಚ್ಕೊಂಡು ಹೋಗಿ, ತರಗೆಲೆ ತರ್ಬೇಡಿ ಅಂತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಕ್ಯಾಸನೂರಿನ ಕಾಡಲ್ಲಿ ಗುರುತು ಸಿಕ್ಕ ರೋಗ, ಉಣ್ಣೆ ಹುಳದಿಂದ ಬರೋದು, ಅಷ್ಟು ವರ್ಷದಿಂದ ಅದೇ ಮಾತು. ಒಲೆಗೆ ಸೌದೆ, ಕೊಟ್ಟಿಗೆಗೆ ದರಗು, ತೋಟಕ್ಕೆ ಸೊಪ್ಪು ಎಲ್ಲಾ ಅದೇ ಕಾಡಿಂದ ಬರೋ ಮನೆಗೆ ಕಾಡಿಗೆ ಹೋಗ್ಬೇಡಿ ಅಂದ್ರೆ ಅದು ಸಲಹೆನಾ, ಶಿಕ್ಷೆನಾ? ಎಣ್ಣೆ ಬಾಟ್ಲಿ ಮನೆ ಬಾಗಿಲಿಗೆ ಟೈಮಿಗೆ ಸರಿಯಾಗಿ ಬಂದ ಕಡೆ ಹಚ್ಕೊಳ್ತಾರೆ, ಬರದ ಕಡೆ ಹಾಗೇ ಹೋಗ್ತಾರೆ.

ಹಾಗಾದ್ರೆ ಮುಂದಿನ ಸಲ ಹೇಗೆ ಅಂತ ಕೇಳಿದ್ರೆ, ನಾನು ಕಂಡಿದ್ದು ಒಂದು ಹೇಳ್ತೀನಿ. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಎಲೆಕ್ಷನ್ ಆಗಿತ್ತು, ಎರಡನೇ ಅಲೆ ಬಂದಾಗ ಮೆಂಬರುಗಳು ಹೊಸಬ್ರು, ಹುರುಪಲ್ಲಿದ್ರು. ಪಂಚಾಯಿತಿಗೊಂದು ಟಾಸ್ಕ್‌ಫೋರ್ಸ್ ಅಂತ ಮಾಡಿದ್ರು. ನಮ್ಮೂರ ಪಂಚಾಯಿತೀಲಿ ಅವ್ರು ಮಾಡಿದ್ದು ಇಷ್ಟೇ, ಇರೋ ಎರಡು ಅಂಗಡಿಯೋರನ್ನ ಕರೆದು, ಮೇಲಿನ ಬೀದಿಗೆ ಬೆಳಗ್ಗೆ ಏಳಕ್ಕೆ, ಕೆಳಗಿನ ಬೀದಿಗೆ ಎಂಟಕ್ಕೆ, ಕಾಲೋನಿಗೆ ಒಂಬತ್ತಕ್ಕೆ ಅಂತ ಹೇಳಿ ಚೀಟಿ ಇಸ್ಕೊಂಡು ಹುಡುಗರ ಕೈಲಿ ಸಾಮಾನು ಕಳಿಸಿದ್ರು. ಕಾಲೋನಿಗೆ ಯಾಕೆ ಕೊನೆ ಅಂತ ಒಂದು ದಿನ ಜಗಳ ಆಯ್ತು, ಸರಿಯಾದ ಜಗಳಾನೇ ಅದು, ಮಾರನೇ ವಾರದಿಂದ ಸರದಿ ತಿರುಗಿಸಿದ್ರು. ಜಗಳ ಆಡೋಕೆ ಎದುರಿಗೆ ಒಬ್ಬ ಮನುಷ್ಯ ಇದ್ದ, ಅವನು ನಾಳೆನೂ ಅಲ್ಲೇ ಸಿಗ್ತಾನೆ. ಪಿಡಿಎಫ್ ಜೊತೆ ಹಾಗೆ ಜಗಳ ಆಡೋಕೆ ಬರಲ್ಲ.

ಇತ್ತ ನಮ್ ಬೀದಿಗೆ ನೀರು ಇವತ್ತಿಗೂ ಮೂರು ದಿನಕ್ಕೊಂದೇ ಸಲ. ಶುಕ್ರವಾರ ಡ್ರಮ್ ಉಜ್ಜೋ ದಿನ ಅಂತ ಮನೇಲಿ ಮಾಡ್ಕೊಂಡಿದೀವಿ. ಗುರುವಾರ ರಾತ್ರಿ ನೀರಗಂಟಿಗೆ ಫೋನ್ ಹಾಕಿ, ನಾಳೆ ಬಿಡ್ತೀಯೇನಪ್ಪ ಅಂತ ಕೇಳ್ತೀನಿ. ಬಿಡ್ತೀನಿ ಅಂದ್ರೆ ಖಾಲಿ ಮಾಡಿ ಉಜ್ಜೋದು. ಮೋಟ್ರು ಕೆಟ್ಟದೆ ಸಾ, ಸೋಮವಾರ ಅಂದ್ರೆ ಮೇಲೊಂದು ಹಳೇ ಪಂಚೆ ಕಟ್ಟಿ ಬಿಡೋದು.